ಚಿಕಿತ್ಸೆಯ ಖರ್ಚು, ತಡವಾಗುವ ರೋಗಿ: ಆರೋಗ್ಯ ಯೋಜನೆಗಳನ್ನು ಬಳಸಿಕೊಳ್ಳುವ ಬಗೆ

ಚಿಕಿತ್ಸೆಗೆ ತಗಲುವ ಹಣವನ್ನು ಆಸ್ಪತ್ರೆಯ ಬಿಲ್ಲಿನ ಮೊತ್ತವೆಂದೇ ಎಣಿಸುವುದು ರೂಢಿ. ಆದರೆ ಆ ಹಣದ ಪರಿಣಾಮವು ಬಿಲ್ಲು ಕೈಗೆ ಬರುವುದಕ್ಕೆ ಬಹಳ ಮೊದಲೇ, ವೈದ್ಯರ ಬಳಿಗೆ ಇವತ್ತೇ ಹೋಗಬೇಕೋ, ಕೂಲಿ ಬಟವಾಡೆಯಾದ ಮೇಲೆ ಹೋದರೆ ಆಗದೋ, ಸುಗ್ಗಿ ಮುಗಿಯುವವರೆಗೆ ತಡೆದುಕೊಳ್ಳಬಹುದೋ ಎಂದು ಮನೆಯವರು ಲೆಕ್ಕ ಹಾಕುವ ಹೊತ್ತಿಗೇ ಶುರುವಾಗಿರುತ್ತದೆ. ಸ್ತನದಲ್ಲಿ ಕಾಣಿಸಿಕೊಂಡ ಗಂಟು, ಎಡಗೈಗೆ ಇಳಿಯುವ ಎದೆನೋವು, ಎರಡು ವಾರ ಕಳೆದರೂ ಬಿಡದ ಕೆಮ್ಮು, ಲಕ್ಷಣವೇ ಇಲ್ಲದೆ ಏರುತ್ತ ಹೋಗುವ ರಕ್ತದೊತ್ತಡ ಇವೆಲ್ಲ ಬೇಗ ಗುರುತಿಸಿದರೆ ಕಡಿಮೆ ಖರ್ಚಿನಲ್ಲಿ ಹತೋಟಿಗೆ ಬರುವಂಥವು, ತಡವಾದರೆ ಹೊಲ ಮಾರಿದರೂ ಕೈಮೀರುವಂಥವು. ಹಾಗಾಗಿ ಆರೋಗ್ಯ ನೀತಿಯೊಂದನ್ನು ಅಳೆಯುವಾಗ ಅದು ಎಷ್ಟು ಲಕ್ಷ ರೂಪಾಯಿಯ ರಕ್ಷಣೆ ಕೊಡುತ್ತದೆ ಎಂಬುದಕ್ಕಿಂತ ರೋಗಿಯನ್ನು ಎಷ್ಟು ಬೇಗ ಚಿಕಿತ್ಸೆಗೆ ತಲುಪಿಸುತ್ತದೆ ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತವಾದುದು. ಕರ್ನಾಟಕದಲ್ಲಿ ಲಭ್ಯವಿರುವ ಯೋಜನೆಗಳನ್ನೂ ಅವುಗಳ ಪ್ರಯೋಜನ ಪಡೆಯುವ ಕ್ರಮವನ್ನೂ ಇಲ್ಲಿ ಅದೇ ಪ್ರಶ್ನೆಯ ಮೂಲಕ ಪರಿಶೀಲಿಸಲಾಗಿದೆ.

ಅಂಕಿಗಳು ಹೇಳುವುದು, ಹೇಳದಿರುವುದು

ಸರ್ಕಾರವಾಗಲಿ ವಿಮೆಯಾಗಲಿ ಭರಿಸದೆ, ಚಿಕಿತ್ಸೆ ಪಡೆಯುವ ಹೊತ್ತಿನಲ್ಲಿ ಕುಟುಂಬವೇ ತೆರುವ ಹಣಕ್ಕೆ ಆರೋಗ್ಯ ಅರ್ಥಶಾಸ್ತ್ರದಲ್ಲಿ ಸ್ವಂತ ಜೇಬಿನ ವೆಚ್ಚ ಎನ್ನುತ್ತಾರೆ. ಕೇಂದ್ರ ಸರ್ಕಾರ ಪ್ರಕಟಿಸುವ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಈ ಬಗೆಯ ವೆಚ್ಚದ ಪಾಲು ಶೇ 64.2 ಇದ್ದದ್ದು 2021-22ರ ಹೊತ್ತಿಗೆ ಶೇ 39.4ಕ್ಕೆ ಇಳಿಯಿತು, ಅದೇ ಅವಧಿಯಲ್ಲಿ ಸರ್ಕಾರದ ಪಾಲು ಶೇ 28.6ರಿಂದ ಶೇ 48ಕ್ಕೆ ಏರಿತು. ಇಳಿಕೆ ದೊಡ್ಡದು ಎಂಬುದರಲ್ಲಿ ಸಂಶಯವಿಲ್ಲ, ಆದರೆ ಕೊನೆಯ ವರ್ಷಗಳ ಲೆಕ್ಕದಲ್ಲಿ ಕೋವಿಡ್ ಕಾಲದ ಅಸಾಧಾರಣ ಸರ್ಕಾರಿ ಖರ್ಚು ಸೇರಿಕೊಂಡಿದೆ. ಅಲ್ಲದೆ 2017ರ ರಾಷ್ಟ್ರೀಯ ಆರೋಗ್ಯ ನೀತಿಯು 2025ರ ವೇಳೆಗೆ ಸಾರ್ವಜನಿಕ ಆರೋಗ್ಯ ವೆಚ್ಚವನ್ನು ಒಟ್ಟು ದೇಶೀಯ ಉತ್ಪನ್ನದ ಶೇ 2.5ಕ್ಕೆ ಏರಿಸುವ ಗುರಿ ಇಟ್ಟುಕೊಂಡಿದ್ದರೂ 2021-22ರಲ್ಲಿ, ಕೋವಿಡ್ ಖರ್ಚೂ ಸೇರಿ, ಅದು ಶೇ 1.84ರಲ್ಲಿತ್ತು.

ಈ ಲೆಕ್ಕಪತ್ರಗಳನ್ನು ಓದುವಾಗ ಮರೆಯಬಾರದ ಇನ್ನೊಂದು ಸಂಗತಿಯಿದೆ. ಖರ್ಚಿಗೆ ಹೆದರಿ ಚಿಕಿತ್ಸೆಯನ್ನೇ ಪಡೆಯದೆ ಮನೆಯಲ್ಲಿ ಉಳಿದವರ ಸ್ವಂತ ಜೇಬಿನ ವೆಚ್ಚ ಸೊನ್ನೆಯೆಂದೇ ದಾಖಲಾಗುತ್ತದೆ. ಅವರ ನೋವು, ಕಳೆದುಹೋದ ದುಡಿಮೆ, ಅಕಾಲಿಕ ಸಾವು ಯಾವುದೂ ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಇಂಥ ಹಿಂಜರಿಕೆಗೆ ದೊಡ್ಡ ಮೊತ್ತವೇ ಬೇಕೆಂದೂ ಇಲ್ಲ. ಕೀನ್ಯಾದ ಶಾಲೆಗಳಲ್ಲಿ ಜಂತುಹುಳು ನಿವಾರಕ ಮಾತ್ರೆಯನ್ನು ಉಚಿತವಾಗಿ ಕೊಟ್ಟಾಗ ಶೇ 75ರಷ್ಟು ಮಕ್ಕಳು ಅದನ್ನು ಪಡೆದರೆ, ಅಲ್ಪ ಶುಲ್ಕ ನಿಗದಿ ಮಾಡಿದ ಕಡೆ ಆ ಪ್ರಮಾಣ ಶೇ 19ಕ್ಕೆ ಕುಸಿಯಿತೆಂದು ಅರ್ಥಶಾಸ್ತ್ರಜ್ಞರಾದ ಮೈಕೆಲ್ ಕ್ರೆಮರ್ ಮತ್ತು ಎಡ್ವರ್ಡ್ ಮಿಗುಯೆಲ್ ದಾಖಲಿಸಿದ್ದಾರೆ. ಪುಕ್ಕಟೆ ಕೊಟ್ಟರೆ ಜನರಿಗೆ ಬೆಲೆ ತಿಳಿಯುವುದಿಲ್ಲ ಎಂಬ ಮಾತು ಆಡಳಿತದ ವಲಯಗಳಲ್ಲಿ ಆಗಾಗ ಕೇಳಿಬರುತ್ತದೆ. ರೋಗ ತಡೆಯುವ ಸೇವೆಗಳ ಮಟ್ಟಿಗಾದರೂ ಆ ಮಾತಿಗೆ ಆಧಾರ ದುರ್ಬಲ.

ಕರ್ನಾಟಕವೇ ಒದಗಿಸಿದ ಪುರಾವೆ

ನೀತಿಯೊಂದು ಖರ್ಚನ್ನು ಇಳಿಸಿದರೆ ಸಾವಿನ ಪ್ರಮಾಣವೂ ಇಳಿಯುತ್ತದೆಯೇ ಎಂಬುದನ್ನು ಸಾಬೀತುಪಡಿಸುವುದು ಸುಲಭವಲ್ಲ, ಏಕೆಂದರೆ ಯೋಜನೆ ಜಾರಿಯಾದ ಊರುಗಳಲ್ಲಿ ರಸ್ತೆ, ಆದಾಯ, ಶಿಕ್ಷಣ ಮುಂತಾದವೂ ಬದಲಾಗುತ್ತಿರುತ್ತವೆ. ಈ ಕಷ್ಟವನ್ನು ಮೀರುವ ಅಪರೂಪದ ಅವಕಾಶವನ್ನು ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಒದಗಿಸಿತು. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆಯಂಥ ದುಬಾರಿ ಚಿಕಿತ್ಸೆಗಳನ್ನು ಉಚಿತವಾಗಿ ಕೊಡಿಸಲು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ 2010ರಲ್ಲಿ ಆರಂಭವಾದ ಈ ಯೋಜನೆ ಮೊದಲು ರಾಜ್ಯದ ಉತ್ತರ ಭಾಗದಲ್ಲಿ ಮಾತ್ರ ಜಾರಿಯಲ್ಲಿದ್ದು, 2012ರ ಬಳಿಕ ದಕ್ಷಿಣಕ್ಕೆ ವಿಸ್ತರಣೆಗೊಂಡಿತು. ಆ ನಡುವಿನ ಅವಧಿಯಲ್ಲಿ ಗಡಿರೇಖೆಯ ಆಚೀಚೆ ಇದ್ದ ಹಳ್ಳಿಗಳು ಬೇರೆಲ್ಲ ರೀತಿಯಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯವಾಗಿದ್ದರೂ ಒಂದು ಕಡೆಯವರಿಗೆ ಯೋಜನೆಯಿತ್ತು, ಇನ್ನೊಂದು ಕಡೆಯವರಿಗೆ ಇರಲಿಲ್ಲ. ನೀರಜ್ ಸೂದ್ ಮತ್ತು ಸಂಗಡಿಗರು ಅಂಥ 572 ಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ 0.32, ಇಲ್ಲದ ಹಳ್ಳಿಗಳಲ್ಲಿ ಶೇ 0.90, ಯೋಜನೆಗೆ ಅರ್ಹವಲ್ಲದ ಎಪಿಎಲ್ ಕುಟುಂಬಗಳಲ್ಲಿ ಇಂಥ ಅಂತರವೇನೂ ಕಂಡುಬರಲಿಲ್ಲ.

ಈ ಫಲಿತಾಂಶ ಎಷ್ಟು ದೊಡ್ಡದೆಂದರೆ ಅದನ್ನು ಎಚ್ಚರದಿಂದ ಓದುವುದು ಲೇಸು. ಆದರೂ ಯೋಜನೆಯ ರಚನೆಯನ್ನು ನೋಡಿದರೆ ಅದು ಅಕಾರಣವಲ್ಲವೆಂದು ತೋರುತ್ತದೆ. ಫಲಾನುಭವಿಗಳು ಕಂತು ಕಟ್ಟಬೇಕಿರಲಿಲ್ಲ, ಪ್ರತ್ಯೇಕ ನೋಂದಣಿ ಮಾಡಿಸಬೇಕಿರಲಿಲ್ಲ, ಬಿಪಿಎಲ್ ಕಾರ್ಡೇ ಸಾಕಾಗಿತ್ತು. ಅದಕ್ಕಿಂತ ಮುಖ್ಯವಾಗಿ, ಯೋಜನೆಗೆ ಸೇರಿದ ಆಸ್ಪತ್ರೆಗಳು ಗ್ರಾಮೀಣ ಪ್ರದೇಶಗಳಲ್ಲಿ ಆರೋಗ್ಯ ಶಿಬಿರ ನಡೆಸಿ, ರೋಗಿಗಳನ್ನು ಅಲ್ಲಿಯೇ ತಪಾಸಣೆಗೊಳಪಡಿಸಿ ದೊಡ್ಡಾಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯಿತ್ತು. ಉಚಿತ ಶಸ್ತ್ರಚಿಕಿತ್ಸೆಯೊಂದೇ ಅಲ್ಲದೆ, ಅದರತ್ತ ರೋಗಿಯನ್ನು ಸಕಾಲದಲ್ಲಿ ಕರೆತರುವ ಏರ್ಪಾಡೂ ಯೋಜನೆಯ ಭಾಗವಾಗಿತ್ತೆಂಬುದು ಈಗಿನ ಚರ್ಚೆಗಳಲ್ಲಿ ಮರೆಯಾಗುತ್ತಿರುವ ಅಂಶ.

ಕಾರ್ಡು ಇದ್ದರೆ ಸಾಲದು: ಬಳಸುವ ಕ್ರಮ

ಇಂದು ಆ ಯೋಜನೆಯ ಸ್ಥಾನದಲ್ಲಿರುವುದು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರ ಮಾರ್ಚ್‌ನಲ್ಲಿ ಆರಂಭವಾದ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಕೇಂದ್ರದ ಪ್ರಧಾನ ಮಂತ್ರಿ ಜನ ಆರೋಗ್ಯ ಯೋಜನೆಯೊಂದಿಗೆ ಸೇರಿಸಿ ಇದನ್ನು ರೂಪಿಸಲಾಯಿತು. ಬಿಪಿಎಲ್ ಪಡಿತರ ಚೀಟಿಯಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ, ಅಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಮೊದಲೇ ಗೊತ್ತುಪಡಿಸಿದ ಒಟ್ಟು ಮೊತ್ತದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಅದರ ವಾರ್ಷಿಕ ಮಿತಿ 1.5 ಲಕ್ಷ ರೂಪಾಯಿ. ಎಪಿಎಲ್ ಕುಟುಂಬಗಳಲ್ಲಿ ಬಹಳ ಮಂದಿಗೆ ತಮಗೂ ಈ ಭಾಗಶಃ ನೆರವು ಇದೆಯೆಂಬುದೇ ತಿಳಿದಿರುವುದಿಲ್ಲ.

ಯೋಜನೆಯ ತಿರುಳು ಶಿಫಾರಸು ಪತ್ರದಲ್ಲಿದೆ. ತುರ್ತಲ್ಲದ ಚಿಕಿತ್ಸೆಗೆ ರೋಗಿಯು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಸೇವೆ ಲಭ್ಯವಿಲ್ಲದಿದ್ದರೆ ವೈದ್ಯರು ಕೊಡುವ ರೆಫರಲ್ ಪತ್ರದೊಂದಿಗೆ ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಪಘಾತ, ಹೃದಯಾಘಾತ ಮುಂತಾಗಿ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವ ಸಂದರ್ಭಗಳಲ್ಲಿ ಈ ಪತ್ರ ಬೇಕಿಲ್ಲ, ನೇರವಾಗಿ ದಾಖಲಾಗಬಹುದು. ಕುಟುಂಬಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ: ಮೊದಲು ಖಾಸಗಿ ಆಸ್ಪತ್ರೆಗೆ ಸೇರಿ, ಮುಂಗಡ ಕಟ್ಟಿ, ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕಾರ್ಡನ್ನು ಹೊರತೆಗೆದರೆ ಆಗ ಪೂರ್ವಾನುಮತಿ ಸಿಗುವುದು ಕಷ್ಟ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರನನ್ನು, ಅಂದರೆ ಯೋಜನೆಯ ಕಡೆಯಿಂದ ನೇಮಕಗೊಂಡ ಸಹಾಯಕನನ್ನು ಕಂಡು, ತಮ್ಮ ಕಾಯಿಲೆಯ ಚಿಕಿತ್ಸೆ ಪ್ಯಾಕೇಜಿನಲ್ಲಿದೆಯೇ, ಆ ಆಸ್ಪತ್ರೆಯು ಆ ನಿರ್ದಿಷ್ಟ ವಿಭಾಗಕ್ಕೆ ನೋಂದಾಯಿತವಾಗಿದೆಯೇ ಎಂದು ಕೇಳಿಕೊಳ್ಳುವುದರಿಂದ ಮುಂದಿನ ಅನೇಕ ತೊಡಕುಗಳು ತಪ್ಪುತ್ತವೆ. ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ಬಿಪಿಎಲ್ ರೋಗಿಯಿಂದ ಔಷಧಿಗೆಂದೋ ಪರೀಕ್ಷೆಗೆಂದೋ ಬೇರೆ ಹಣ ಕೇಳುವಂತಿಲ್ಲ. ಕೇಳಿದರೆ ರಾಜ್ಯದ 104 ಆರೋಗ್ಯ ಸಹಾಯವಾಣಿಗೆ ಅಥವಾ ಕೇಂದ್ರದ 14555 ಸಂಖ್ಯೆಗೆ ದೂರು ಕೊಡಬಹುದು, ಆದರೆ ಕೊಟ್ಟ ಹಣಕ್ಕೆ ರಸೀದಿ ಇದ್ದರಷ್ಟೇ ದೂರಿಗೆ ಬಲ. ಕಾರ್ಡನ್ನು ಆರೋಗ್ಯವಾಗಿರುವಾಗಲೇ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಮಾಡಿಸಿಟ್ಟುಕೊಂಡು, ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳಬೇಕು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯ ಹೆಸರು ಪಡಿತರ ಚೀಟಿಗೆ ಸೇರದೆ ಉಳಿಯುವುದು ಸಾಮಾನ್ಯ ಲೋಪ.

ಸಹಕಾರ ಸಂಘಗಳ ಸದಸ್ಯರಿಗೆ 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ವಿಲೀನಗೊಂಡು, 2023ರಲ್ಲಿ ಮತ್ತೆ ಜೀವ ಪಡೆದ ಯಶಸ್ವಿನಿ ಯೋಜನೆ ಇನ್ನೊಂದು ದಾರಿ. ಅದಕ್ಕೆ ಪ್ರತಿವರ್ಷ ಗೊತ್ತಾದ ಅವಧಿಯೊಳಗೆ ಸಂಘದ ಮೂಲಕ ನೋಂದಾಯಿಸಿಕೊಳ್ಳಬೇಕು.

ಹೊರರೋಗಿಯ ಖರ್ಚು ಎಂಬ ತೂತು

ಮೇಲೆ ಹೇಳಿದ ಯೋಜನೆಗಳು ಮುಖ್ಯವಾಗಿ ಒಳರೋಗಿಗೆ, ಅಂದರೆ ಆಸ್ಪತ್ರೆಗೆ ದಾಖಲಾದವರಿಗೆ ಸಂಬಂಧಿಸಿದವು. ತಿಂಗಳುತಿಂಗಳೂ ಕೊಳ್ಳುವ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ, ಖಾಸಗಿ ವೈದ್ಯರ ಸಲಹಾ ಶುಲ್ಕ, ಊರಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನ ಖರ್ಚು, ಆ ದಿನ ತಪ್ಪಿಹೋದ ಕೂಲಿ ಇವು ಯಾವುವೂ 5 ಲಕ್ಷದ ಕಾರ್ಡಿನೊಳಗೆ ಬರುವುದಿಲ್ಲ. ಆದರೆ ರೋಗಿ ಚಿಕಿತ್ಸೆಯನ್ನು ಮುಂದೂಡುವುದೂ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸುವುದೂ ಈ ಸಣ್ಣ ಖರ್ಚುಗಳ ಕಾರಣಕ್ಕೇ. ದಿನಕ್ಕೊಂದು ಅಗ್ಗದ ಮಾತ್ರೆಯನ್ನು ಬಿಟ್ಟವನಿಗೆ ಕೆಲವು ವರ್ಷಗಳ ಬಳಿಕ ಪಾರ್ಶ್ವವಾಯು ಬಡಿದಾಗ ಅದೇ ವ್ಯವಸ್ಥೆ ಲಕ್ಷಗಟ್ಟಲೆ ಖರ್ಚು ಮಾಡಲು ಸಿದ್ಧವಾಗಿರುತ್ತದೆ. ಪ್ರಾಥಮಿಕ ಆರೋಗ್ಯ ಸೇವೆಗೆ ಸಂಪನ್ಮೂಲದ ಮೂರನೇ ಎರಡು ಭಾಗ ಅಥವಾ ಅದಕ್ಕಿಂತ ಹೆಚ್ಚು ಮೀಸಲಿಡಬೇಕೆಂದು 2017ರ ರಾಷ್ಟ್ರೀಯ ನೀತಿಯೇ ಹೇಳಿದ್ದರೂ ರಾಜಕೀಯ ಘೋಷಣೆಗಳಲ್ಲಿ ಮಿಂಚುವುದು ಕಾರ್ಡಿನ ಮೊತ್ತವೇ.

ಈ ಕೊರತೆಯನ್ನು ಓದುಗರು ತಮ್ಮ ಮಟ್ಟದಲ್ಲಿ ಸ್ವಲ್ಪವಾದರೂ ತುಂಬಿಕೊಳ್ಳಲು ಸಾಧ್ಯ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ ಕ್ಲಿನಿಕ್‌ಗಳಲ್ಲಿ ಅಂದರೆ ಅಸಾಂಕ್ರಾಮಿಕ ಕಾಯಿಲೆಗಳ ವಿಭಾಗಗಳಲ್ಲಿ, ನಗರಗಳ ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ, ಮಾತ್ರೆ ಎರಡೂ ಉಚಿತ. ಮನೆಬಾಗಿಲಿಗೇ ತಪಾಸಣೆ ತಲುಪಿಸುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ಹೊರಗೆ ಔಷಧಿ ಕೊಳ್ಳುವವರು ಜನೆರಿಕ್ ಔಷಧಿ, ಅಂದರೆ ಕಂಪನಿಯ ಬ್ರ್ಯಾಂಡ್ ಹೆಸರಿಲ್ಲದೆ ಮೂಲ ರಾಸಾಯನಿಕದ ಹೆಸರಿನಲ್ಲಿಯೇ ಮಾರಾಟವಾಗುವ ಔಷಧಿಯನ್ನು ಜನೌಷಧಿ ಕೇಂದ್ರಗಳಲ್ಲಿ ಕೊಂಡರೆ ಬೆಲೆ ಸಾಮಾನ್ಯವಾಗಿ ಶೇ 50ರಿಂದ 90ರಷ್ಟು ಕಡಿಮೆಯಾಗುತ್ತದೆ. ಜನೆರಿಕ್ ಹೆಸರನ್ನೇ ಬರೆಯಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳು ಹೇಳುತ್ತವೆ. ಹಾಗಾಗಿ ಚೀಟಿಯಲ್ಲಿ ಆ ಹೆಸರನ್ನೂ ಬರೆದುಕೊಡಿ ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಆದರೆ ಅಪಸ್ಮಾರ, ಥೈರಾಯ್ಡ್, ಅಂಗಾಂಗ ಕಸಿಯ ನಂತರದ ಔಷಧಿಗಳಂಥ ಸೂಕ್ಷ್ಮ ಸಂದರ್ಭಗಳಲ್ಲಿ ವೈದ್ಯರನ್ನು ಕೇಳದೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಬಾರದು.

ಬೆಲೆ ನಿಯಂತ್ರಣದ ಅಧಿಕಾರ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರದ್ದು. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವವಕ್ಕೆ 2013ರ ಬೆಲೆ ನಿಯಂತ್ರಣ ಆದೇಶದಡಿ ಅದು ಗರಿಷ್ಠ ದರ ಗೊತ್ತುಪಡಿಸುತ್ತದೆ, ಆ ದರಗಳನ್ನು ಫಾರ್ಮಾ ಸಹಿ ದಾಮ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ನೋಡಬಹುದು. ಹೃದಯದ ರಕ್ತನಾಳಕ್ಕೆ ಅಳವಡಿಸುವ, ಆಗ ಲಕ್ಷ ರೂಪಾಯಿ ಮೀರಿ ಮಾರಾಟವಾಗುತ್ತಿದ್ದ ಔಷಧಿ ಲೇಪಿತ ಸ್ಟೆಂಟಿಗೆ 2017ರ ಫೆಬ್ರುವರಿಯಲ್ಲಿ ಈ ಪ್ರಾಧಿಕಾರವೇ ತೆರಿಗೆ ಬಿಟ್ಟು 29,600 ರೂಪಾಯಿಯ ಮಿತಿ ಹಾಕಿತು; ಆ ಮಿತಿ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತದೆ. ಸ್ಟೆಂಟಿನ ದರ ಇಳಿದರೂ ಬಿಲ್ಲಿನ ಬೇರೆ ಸಾಲುಗಳು ಏರಿದರೆ ರೋಗಿಗೆ ಉಳಿತಾಯ ಕಾಣದು, ಆದ್ದರಿಂದ ಬಿಡಿ ದರಕ್ಕಿಂತ ಒಟ್ಟು ಅಂದಾಜನ್ನು ಬರಹದಲ್ಲಿ ಕೇಳುವುದು ಜಾಣತನ. ಎದೆನೋವಿನ ಮಟ್ಟಿಗೆ ಮಾತ್ರ ಇಂಥ ಯಾವ ವಿಚಾರಣೆಗೂ ಸಮಯ ವ್ಯಯಿಸಬಾರದು: ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡಾಸ್ಪತ್ರೆಯ ತಜ್ಞರು ದೂರದಿಂದಲೇ ಓದಿ, ಹೃದಯಾಘಾತ ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುವ ವ್ಯವಸ್ಥೆಯಿದೆ.

ಖಾಸಗಿ ಆಸ್ಪತ್ರೆಯಲ್ಲಿ ಕೇಳಬಹುದಾದದ್ದು

ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017-18ರ 75ನೇ ಸುತ್ತಿನ ಪ್ರಕಾರ, ಹೆರಿಗೆಯನ್ನು ಬಿಟ್ಟು, ಒಮ್ಮೆ ದಾಖಲಾದರೆ ದೇಶದಲ್ಲಿ ಸರಾಸರಿ ವೈದ್ಯಕೀಯ ಖರ್ಚು ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಇಷ್ಟು ಅಂತರವಿದ್ದರೂ ಜನ ಖಾಸಗಿಗೆ ಹೋಗುತ್ತಾರೆಂದರೆ ಅದಕ್ಕೆ ಸರದಿಯ ಉದ್ದ, ವೈದ್ಯರ ಕೊರತೆ, ನಂಬಿಕೆಯ ಅಭಾವ ಮುಂತಾದ ಕಾರಣಗಳಿವೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ ಮತ್ತು ಅದಕ್ಕೆ ದಶಕದ ಬಳಿಕ ಬಂದ ತಿದ್ದುಪಡಿಯು ಅಂಥವರಿಗೆ ಕೆಲವು ರಕ್ಷಣೆಗಳನ್ನು ಕೊಟ್ಟಿದೆ: ಚಿಕಿತ್ಸಾ ದರಗಳನ್ನು ಕಾಣುವಂತೆ ಪ್ರಕಟಿಸಬೇಕು, ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ತಡೆಯಬಾರದು, ಬಿಲ್ಲು ಬಾಕಿಯಿದೆಯೆಂದು ಮೃತದೇಹವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ.

ಖಾಸಗಿ ವಿಮೆ ಮಾಡಿಸುವವರಿಗೆ 2024ರ ನಿಯಮಗಳು ಅನುಕೂಲಕರವಾಗಿವೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 3 ವರ್ಷ. ಸತತ 5 ವರ್ಷ ಕಂತು ಕಟ್ಟಿದ ಮೇಲೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಹಣ ನಿರಾಕರಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಉಚಿತವಾದದ್ದು ಸುರಕ್ಷಿತವೂ ಆಗಿರಬೇಕು

ಬೆಲೆ ಇಳಿದರೆ ಪ್ರಾಣ ಉಳಿಯುತ್ತದೆ ಎಂಬುದಕ್ಕೆ ಹೆರಿಗೆಯಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ವಿರಳ. ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಲೆಕ್ಕವೇ ತಾಯಿ ಮರಣ ಪ್ರಮಾಣ. ಕರ್ನಾಟಕದಲ್ಲಿ ಅದು 2004-06ರಲ್ಲಿ 213 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. 2005ರ ಜನನಿ ಸುರಕ್ಷಾ ಯೋಜನೆ, 2008ರಿಂದ ಓಡುತ್ತಿರುವ 108 ಆಂಬುಲೆನ್ಸ್, ಆಶಾ ಕಾರ್ಯಕರ್ತೆಯರ ಓಡಾಟ, ಸಿಸೇರಿಯನ್, ರಕ್ತ, ಔಷಧಿ, ಊಟ, ಮನೆಗೆ ಮರಳುವ ವಾಹನ ಎಲ್ಲವನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತಗೊಳಿಸಿದ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇವೆಲ್ಲ ಸೇರಿ ಈ ಬದಲಾವಣೆಗೆ ಕಾರಣವಾದವು. ಹಾಗಿದ್ದರೂ ಅದೇ 2018-20ರಲ್ಲಿ ಕೇರಳದ ಪ್ರಮಾಣ 19 ಆಗಿತ್ತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಮೃತಪಟ್ಟಾಗ, ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ಎಂಬ ರಕ್ತನಾಳದ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಎದ್ದು, ಸರ್ಕಾರ ಅದನ್ನು ಪೂರೈಸಿದ ಕಂಪನಿಯ ದ್ರಾವಣದ ಬಳಕೆಯನ್ನು ತಡೆಹಿಡಿಯಬೇಕಾಯಿತು. ಅತಿ ಕಡಿಮೆ ದರ ಕೂಗಿದವರಿಗೇ ಟೆಂಡರ್ ಸಿಗುವ ವ್ಯವಸ್ಥೆಯಲ್ಲಿ ಗುಣಮಟ್ಟದ ಪರೀಕ್ಷೆ ಸಡಿಲವಾದರೆ ಉಳಿಸಿದ ಹಣದ ಬೆಲೆಯನ್ನು ರೋಗಿ ತೆರುತ್ತಾಳೆ.

ಆಸ್ಪತ್ರೆಯ ಹೊರಗಿನ ಔಷಧಿ

ಕ್ಷಯರೋಗದ ಮಾತ್ರೆಗಳು ದಶಕಗಳಿಂದ ಉಚಿತವಾಗಿದ್ದರೂ ರೋಗ ಹಿಮ್ಮೆಟ್ಟಿಲ್ಲ. ಅದಕ್ಕೆ ಕಾರಣಗಳಲ್ಲೊಂದು ಹಸಿವು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ರೋಗಿಗಳ ಮನೆಗಳ ಹತ್ತು ಸಾವಿರಕ್ಕೂ ಹೆಚ್ಚು ಸದಸ್ಯರನ್ನು ಅನುಸರಿಸಿ, 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದು ಸ್ಪಷ್ಟವಾಯಿತು: ರೋಗಿಯ ಜೊತೆಗೆ ಮನೆಯವರಿಗೂ ಅಕ್ಕಿ, ಬೇಳೆ ಮುಂತಾದ ಪಡಿತರ ಕೊಟ್ಟ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು, ಹರಡುವ ಬಗೆಯ ಕ್ಷಯವಂತೂ ಶೇ 48ರಷ್ಟು ಕಡಿಮೆಯಾಯಿತು. ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಬರುವ ಹಣ 2018ರಲ್ಲಿ ತಿಂಗಳಿಗೆ 500 ರೂಪಾಯಿಯಿದ್ದದ್ದು 2024ರ ನವೆಂಬರ್‌ನಿಂದ 1,000 ಆಗಿದೆ. ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಇದು ಸಲ್ಲುತ್ತದೆ, ಆದರೆ ವೈದ್ಯರು ರೋಗಿಯ ಹೆಸರನ್ನು ನಿಕ್ಷಯ್ ಜಾಲತಾಣದಲ್ಲಿ ದಾಖಲಿಸಿರಬೇಕು. ದಾಖಲಾಗಿದೆಯೇ ಎಂದು ಮೊದಲ ವಾರದಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು.

ಇಂಥ ಸೇವೆಗಳಿಗೆ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ವಿಚಾರಿಸುವ ಹಕ್ಕು ಗ್ರಾಮಸಭೆಗಿದೆ. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗೆ ಸ್ಥಳೀಯ ಸಂಸ್ಥೆಗಳ ಮೂಲಕ ಆರೋಗ್ಯಕ್ಕಾಗಿಯೇ 70,051 ಕೋಟಿ ರೂಪಾಯಿ ಅನುದಾನ ಶಿಫಾರಸು ಮಾಡಿತ್ತು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಆರೋಗ್ಯ ರಕ್ಷಾ ಸಮಿತಿ, ಹಳ್ಳಿಗೆ ಒಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿ ಇರುತ್ತದೆ. ಈ ಸಮಿತಿಗಳ ಕಳೆದ ಸಭೆ ಯಾವಾಗ ನಡೆಯಿತು, ಅನುದಾನದಲ್ಲಿ ಎಷ್ಟು ಖರ್ಚಾಯಿತು, ಬಿಪಿ ಮಾತ್ರೆಗಳ ದಾಸ್ತಾನು ಎಷ್ಟು ದಿನಕ್ಕೆ ಸಾಲುತ್ತದೆ, ಪ್ರಯೋಗಾಲಯದ ತಂತ್ರಜ್ಞರ ಹುದ್ದೆ ಖಾಲಿಯಿದೆಯೇ ಎಂಬಿಷ್ಟನ್ನು ಕೇಳಿ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಮುಂದಿನ ಸಭೆಯಲ್ಲಿ ಅದರ ಮೇಲೆಯೇ ಮಾತು ಮುಂದುವರಿಸಬಹುದು. ಉತ್ತರ ಸಿಗದಿದ್ದರೆ ಅದೇ ಪ್ರಶ್ನೆಗಳನ್ನು ಮಾಹಿತಿ ಹಕ್ಕು ಅರ್ಜಿಯಾಗಿ ತಾಲ್ಲೂಕು ಆರೋಗ್ಯಾಧಿಕಾರಿಯ ಕಚೇರಿಗೆ ಸಲ್ಲಿಸಲು ಬರುತ್ತದೆ.